ಮಗಳನ್ನು ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ಮೊದಲು

ಮಗಳ ಮುಟ್ಟಿನ ತೊಂದರೆಗೆ ಡಾಕ್ಟರ ಹತ್ತಿರ ಹೋದಾಗ ಮಾತಾಡುವುದು ಯಾರು? ಹೆಚ್ಚಿನ ಸಲ ಅಮ್ಮ. ನಮ್ಮ ಕಾಸರಗೋಡಿನಲ್ಲಿ ಇನ್ನೊಂದು ತೊಡಕೂ ಇದೆ. ಕುಂಬಳೆ, ಬದಿಯಡ್ಕ ಕಡೆಯ ಹುಡುಗಿಗೆ ಮನೆಯಲ್ಲಿ ತುಳುವೋ ಕನ್ನಡವೋ, ಡಾಕ್ಟರದ್ದು ಮಲಯಾಳ, ಮಧ್ಯೆ ಅಮ್ಮನೇ ದುಭಾಷಿ. ಅಮ್ಮನ ಎದುರು ಹೇಳಲಾಗದ್ದನ್ನು ಅಮ್ಮನ ಬಾಯಿಂದಲೇ ಹೇಳಿಸಬೇಕು ಅಂದ್ರೆ ಹುಡುಗಿ ಸುಮ್ನೆ ಕೂರುತ್ತಾಳೆ, ಅಲ್ವಾ?

ಹಾಗಾಗಿ ಮುಟ್ಟಾದ ತಾರೀಕು, ಎಷ್ಟು ದಿನ ಇತ್ತು, ದಿನಕ್ಕೆ ಎಷ್ಟು ಪ್ಯಾಡ್, ನೋವಿಗೆ ಶಾಲೆ ತಪ್ಪುತ್ತದಾ, ಇದನ್ನೆಲ್ಲ ಹಿಂದಿನ ದಿನವೇ ಅವಳೇ ಒಂದು ಚೀಟಿಯಲ್ಲಿ ಬರೆದುಕೊಳ್ಳಲಿ. ಕನ್ನಡ ಅಥವಾ ತುಳು ಬರುವ ನರ್ಸ್ ಇದ್ದಾರಾ ಅಂತ ಒಪಿ ಚೀಟಿ ಮಾಡಿಸುವಾಗಲೇ ಕೇಳಿ. ಇದ್ದರೆ ಸ್ವಲ್ಪ ಹೊತ್ತು ನೀವು ಹೊರಗೆ ಕೂತುಕೊಳ್ಳಿ.

ಹೆಚ್ಚಿನ ಮುಟ್ಟಿನ ತೊಂದರೆಗೆ ಒಳಗಿನ ಪರೀಕ್ಷೆ ಬೇಕಾಗುವುದೇ ಇಲ್ಲ. ಸ್ಕ್ಯಾನಿಂಗ್ ಹೊಟ್ಟೆಯ ಮೇಲಿಂದಲೇ ಆಗುತ್ತದೆ, ಮೂತ್ರ ತುಂಬಿರಬೇಕು, ಅಷ್ಟೆ. ಒಳಗಿನ ಪರೀಕ್ಷೆ ಬೇಕೇ ಬೇಕು ಅಂದರೆ ಯಾಕೆ, ಹೇಗೆ ಅಂತ ಅವಳಿಗೇ ಬಿಡಿಸಿ ಹೇಳಿ ಅಂತ ಕೇಳಿ. ಸಹಿ ಹಾಕುವುದು ನೀವೇ ಆದರೂ ಅವಳನ್ನು ಕೇಳದೆ ಮುಟ್ಟುವುದು ತಪ್ಪು. ಅವಸರದ ಕಾಯಿಲೆ ಅಲ್ಲದಿದ್ದರೆ ಇನ್ನೊಂದು ದಿನ ನೋಡಬಹುದು.

"ಹುಡುಗಿ ಸರಿ ಇದ್ದಾಳಾ ನೋಡಿ ಡಾಕ್ಟ್ರೇ" ಅಂತ ಮಾತ್ರ ಕೇಳಬೇಡಿ. ಕನ್ಯತ್ವವನ್ನು ತೋರಿಸಿಕೊಡುವ ಪರೀಕ್ಷೆ ಯಾವುದೂ ಇಲ್ಲ. ಅತ್ಯಾಚಾರದ ಕೇಸಿನಲ್ಲೂ ಒಳಗೆ ಬೆರಳಿಟ್ಟು ನೋಡುವ ಎರಡು ಬೆರಳಿನ ಪರೀಕ್ಷೆ ಮಾಡುವುದು ದುರ್ನಡತೆ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ಇನ್ನು ಗುಟ್ಟಿನ ವಿಷಯ. ಇಲ್ಲಿ ಡಾಕ್ಟರ ಕೈಯೂ ಕಟ್ಟಿರುತ್ತದೆ. 18 ತುಂಬದ ಹುಡುಗಿಯ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯಂತೆ ಅವರು ಪೊಲೀಸರಿಗೆ ತಿಳಿಸಲೇಬೇಕು, ಅವಳು ಇಷ್ಟಪಟ್ಟೇ ಹೋಗಿದ್ದರೂ ಅಷ್ಟೇ. ಇದನ್ನು ಹುಡುಗಿ ಬಾಯಿ ಬಿಡುವ ಮೊದಲೇ ಡಾಕ್ಟರು ಅವಳಿಗೆ ಹೇಳಬೇಕು. ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಟ್ಟು ಆಮೇಲೆ ಪೊಲೀಸರನ್ನು ಕರೆದರೆ ಅವಳು ಮತ್ತೆ ಯಾವ ಡಾಕ್ಟರನ್ನು ನಂಬುತ್ತಾಳೆ?

ಗರ್ಭ ನಿಂತಿದ್ದರೆ ಮರ್ಯಾದೆಗೆ ಹೆದರಿ ತಲಪಾಡಿ ಗಡಿ ದಾಟಿ ಹೋಗಿ ಯಾವುದೋ ಮಾತ್ರೆ ತಂದು ನುಂಗಿಸಬೇಡಿ, ಜೀವಕ್ಕೇ ಅಪಾಯ. 18 ತುಂಬದ ಹುಡುಗಿಯ ಗರ್ಭಪಾತಕ್ಕೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಹುಡುಗಿಯೂ ಪೋಷಕರೂ ಕೇಳಿಕೊಂಡರೆ ಅವಳ ಹೆಸರು, ಗುರುತು ಬಿಟ್ಟು ಪೊಲೀಸರಿಗೆ ತಿಳಿಸಬಹುದು ಅಂತ ಸುಪ್ರೀಂ ಕೋರ್ಟಿನ 2022ರ ಇನ್ನೊಂದು ತೀರ್ಪಿನಲ್ಲಿದೆ. ಡಾಕ್ಟರಿಗೆ ನೆನಪಿಲ್ಲದಿದ್ದರೆ ನೀವೇ ಬಾಯಿಬಿಟ್ಟು ಕೇಳಿ. ಮನೆಯವರಿಂದಲೇ ತೊಂದರೆ ಆಗುತ್ತಿದ್ದರೆ ಹುಡುಗಿಯೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು. ಆ ನಂಬರನ್ನು ಅವಳಿಗೆ ಈಗಲೇ ಹೇಳಿಕೊಡಿ.