ಪಶ್ಚಿಮದ ಗೋಡೆಗೆ ಕಾರ್ಕ್ ಬೋರ್ಡ್: ನನ್ನ ಅನುಭವ

ಬಿಸಿಲಿನ ಶಾಖ ಒಳಗೆ ಬರದಿರಲಿ ಅಂತ ನಮ್ಮ ಮನೆಯ ಪಶ್ಚಿಮದ ಗೋಡೆಗೆ ಹೊರಗಡೆಯಿಂದ ಕಾರ್ಕ್ ಬೋರ್ಡ್ (ಬಾಟಲಿ ಬಿರಡೆ ಮಾಡುವ ಮರದ ತೊಗಟೆಯ ಹಲಗೆ) ಹಚ್ಚಿಸಿದ ಮೇಲೆ ಒಂದು ಬೇಸಿಗೆ ಕಳೀತು, ಒಂದು ಪೂರ್ತಿ ಮಳೆಗಾಲವೂ ಕಳೀತು. ಗೋಡೆಯಿಂದ ಒಂದು ಬೋರ್ಡೂ ಕಳಚಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿದರೆ ಎಲ್ಲೂ ಟೊಳ್ಳು ಸದ್ದಿಲ್ಲ. "ಬೆಂಗಳೂರಿಗೆ ಇದೆಲ್ಲ ಯಾಕೆ ಸಾರ್, ಫಾರಿನ್‌ನವರು ಚಳಿಗೆ ಮಾಡಿಸೋದು" ಅಂದಿದ್ದವರೇ ಈಗ ರೇಟ್ ಕೇಳಿ ಫೋನ್ ಮಾಡುತ್ತಿದ್ದಾರೆ. ಹಾಗಾಗಿ ಹೇಗೆ ಮಾಡಿದೆ ಅಂತ ಬರೆದುಬಿಡುತ್ತೇನೆ. ಗಾರೆ, ಟೈಲ್ಸ್ ಕೆಲಸ ಗೊತ್ತಿರುವವರು ಓದುತ್ತಾರೆ ಅಂದುಕೊಂಡಿದ್ದೇನೆ. ಕರಣೆ ಹಿಡಿಯೋದು, ರಸಮಟ್ಟ ನೋಡೋದು ಎಲ್ಲ ಇಲ್ಲಿ ಹೇಳುವುದಿಲ್ಲ.

ಮನೆ ಬೆಂಗಳೂರಿನ ನಾಗರಬಾವಿ ಕಡೆ. 30x40 ಅಡಿ ಸೈಟು, ಗ್ರೌಂಡ್ ಮತ್ತು ಫಸ್ಟ್ ಫ್ಲೋರ್. 6 ಇಂಚಿನ ಸಾಲಿಡ್ ಬ್ಲಾಕ್ ಗೋಡೆ, ಎರಡೂ ಕಡೆ ಸಿಮೆಂಟ್ ಪ್ಲಾಸ್ಟರ್. ಪಶ್ಚಿಮಕ್ಕೆ ಖಾಲಿ ಸೈಟು. ಮಧ್ಯಾಹ್ನ ಒಂದು ಗಂಟೆಗೆ ಗೋಡೆ ಮೇಲೆ ಬಿದ್ದ ಬಿಸಿಲು ಸೂರ್ಯ ಮುಳುಗುವವರೆಗೂ ಬಿಡುವುದಿಲ್ಲ. 2024ರ ಏಪ್ರಿಲ್ ನಿಮಗೆಲ್ಲ ನೆನಪಿರಬೇಕು, ಊರಲ್ಲಿ 38 ಡಿಗ್ರಿ ದಾಟಿತ್ತು. ರಾತ್ರಿ ಹತ್ತಕ್ಕೆ ಹೊರಗೆ ತಣ್ಣಗೆ ಗಾಳಿ ಬೀಸುತ್ತಿದ್ದರೂ ಮಲಗುವ ಕೋಣೆಯ ಗೋಡೆಗೆ ಕೈ ಇಟ್ಟರೆ ಇನ್ನೂ ಬಿಸಿ. ಬ್ಲಾಕ್ ಹಗಲೆಲ್ಲ ಶಾಖ ಕುಡಿದು ನಾವು ಮಲಗುವ ಹೊತ್ತಿಗೆ ಒಳಗೆ ಬಿಡುತ್ತದೆ. ಫ್ಯಾನ್ ಹಾಕಿದರೆ ಅದೇ ಬಿಸಿ ಗಾಳಿ ಸುತ್ತುತ್ತದೆ, ಅಷ್ಟೇ.

ಟೆರೇಸ್ ಮೊದಲು ನೋಡು ಅಂತ ಎಲ್ಲರೂ ಹೇಳುತ್ತಾರೆ. ಅದು ಸರಿಯಾದ ಮಾತು. ಟೆರೇಸ್ ಬಿಟ್ಟು ಗೋಡೆಗೆ ದುಡ್ಡು ಸುರಿಯಬೇಡಿ. ನಾನು ಅಲ್ಲಿ ಬಿಳಿ ಟೈಲ್ಸ್ ಹಾಕಿಸಿ ಆಗಿತ್ತು. ಸೀಲಿಂಗ್ ತಣ್ಣಗಾಗಿತ್ತು, ಪಶ್ಚಿಮದ ಗೋಡೆ ಮಾತ್ರ ಉಳಿದಿತ್ತು.

ಕಾರ್ಕ್ ಯಾಕೆ ಅಂತ ಕೇಳುತ್ತಾರೆ. ಥರ್ಮಾಕೋಲ್ ಇದಕ್ಕಿಂತ ಎಷ್ಟೋ ಅಗ್ಗ. ಬರೀ ಶಾಖ ತಡೆಯುವ ಲೆಕ್ಕದಲ್ಲಿ ಥರ್ಮಾಕೋಲೇ ಒಂದು ಕೈ ಮೇಲು ಅಂತ ಒಪ್ಪಿಕೊಳ್ಳುತ್ತೇನೆ. ಆದರೆ ಎರಡರ ತುಂಡನ್ನೂ ಗ್ಯಾಸ್ ಸ್ಟೌವ್‌ಗೆ ಹಿಡಿದು ನೋಡಿದೆ. ಥರ್ಮಾಕೋಲ್ ಕರಗಿ ಉರಿಯುತ್ತಾ ತೊಟ್ಟಿಕ್ಕಿತು. ಕಾರ್ಕ್ ಕಪ್ಪಾಗಿ, ಅಂಚಲ್ಲಿ ನಿಧಾನಕ್ಕೆ ಕೆಂಡ ಹಿಡಿಯಿತು. ಕಾರ್ಕ್‌ಗೆ ಬೆಂಕಿ ಹತ್ತುವುದೇ ಇಲ್ಲ ಅಂತ ಯಾರಾದರೂ ಮಾರಲು ಬಂದರೆ ನಂಬಬೇಡಿ. ನಿಧಾನಕ್ಕೆ ಹತ್ತುತ್ತದೆ, ಅದೇ ದೊಡ್ಡದು. ಇನ್ನೊಂದು, ಗೋಡೆಯೊಳಗಿನ ತೇವ ಇದರ ಮೂಲಕ ಆಚೆ ಹೋಗಲು ದಾರಿ ಇರುತ್ತದೆ. ಹಳೆ ಕಾಲದ ಐಸ್ ಫ್ಯಾಕ್ಟರಿ, ಕೋಲ್ಡ್ ಸ್ಟೋರೇಜ್‌ಗಳಲ್ಲಿ ಥರ್ಮಾಕೋಲ್ ಬರುವ ಮೊದಲು ಗೋಡೆಗೆ ಹಾಕುತ್ತಿದ್ದದ್ದು ಕಾರ್ಕೇ. ಹೊಸ ಫ್ಯಾಷನ್ ಅನ್ನುವವರಿಗೆ ನಾನು ಇದನ್ನೇ ಹೇಳೋದು.

ಇನ್ನು ಕೈಸುಟ್ಟ ಕಥೆ. ಮೊದಲು ಅಗ್ಗದ್ದು ನೋಡೋಣ ಅಂತ ನೋಟಿಸ್ ಬೋರ್ಡ್‌ಗೆ ಹಾಕುವ 6 ಎಂಎಂ ಶೀಟ್ ತಂದು ಒಳಗಡೆ ಹಚ್ಚಿಸಿದೆ. ಬಡಗಿಗಳ ಬಿಳಿ ಗೋಂದು ಅರ್ಧ ಗೋಡೆಗೆ, ರಬ್ಬರ್ ಗೋಂದು ಇನ್ನರ್ಧಕ್ಕೆ. ಬಿಳಿ ಗೋಂದಿನ ಕಡೆ ಶೀಟ್ ಬಿದ್ದಿತು, ಜೊತೆಗೆ ಗೋಡೆಯ ಡಿಸ್ಟೆಂಪರ್ ಅನ್ನೂ ಕಿತ್ತುಕೊಂಡು ಬಂತು. ಹಿಂದೆ ತಿರುಗಿಸಿ ನೋಡಿದರೆ ಗೋಂದು ಗಟ್ಟಿಯಾಗೇ ಇದೆ, ಅದರ ಮೇಲೆ ಪೇಂಟಿನ ಪದರ ಹಪ್ಪಳದ ಹಾಗೆ ಅಂಟಿಕೊಂಡಿದೆ. ಅಂದರೆ ಗೋಂದಿನದು ತಕರಾರಿಲ್ಲ, ಗೋಡೆಯದ್ದೇ ತಕರಾರು. ರಬ್ಬರ್ ಗೋಂದಿನ ಕಡೆ ಬಿಸಿಗೆ ಅಂಚುಗಳು ಮೇಲೆದ್ದವು. ಅಂಟಿಕೊಂಡು ಉಳಿದ ಜಾಗದಲ್ಲೂ 6 ಎಂಎಂನಿಂದ ರಾತ್ರಿಯ ಬಿಸಿಗೆ ಏನೂ ಫರಕ್ ಆಗಲಿಲ್ಲ. ಸುಮಾರು ಎಂಟು ಸಾವಿರ ರೂಪಾಯಿ ಅಲ್ಲೇ ಹೋಯಿತು. ಆದರೆ ಮುಂದಿನ ಕೆಲಸವೆಲ್ಲ ಆ ಕಿತ್ತುಬಂದ ಪೇಂಟಿನಿಂದಲೇ ಕಲಿತದ್ದು.

ಆಮೇಲೆ ದಪ್ಪ ಬೋರ್ಡ್ ಹುಡುಕಿದೆ. ಇದರಲ್ಲಿ ಎರಡು ಜಾತಿ ಇದೆ, ಗಮನ ಇರಲಿ. ಒಂದು ಕಂದು ಬಣ್ಣದ್ದು. ಕಾರ್ಕ್ ಚೂರುಗಳನ್ನು ಅಂಟು ಹಾಕಿ ಒತ್ತಿದ್ದು. ಇನ್ನೊಂದು ಕಡು ಕಂದು, ಹೆಚ್ಚುಕಮ್ಮಿ ಕಪ್ಪು. ಚೂರುಗಳನ್ನು ಬಿಸಿ ಹಬೆಯಲ್ಲಿ ಉಬ್ಬಿಸಿದಾಗ ತೊಗಟೆಯೊಳಗಿನ ಅಂಟೇ ಅದನ್ನು ಹಿಡಿದುಕೊಳ್ಳುತ್ತದೆ. ಹೊರಗೋಡೆಗೆ ಬೇಕಾದದ್ದು ಈ ಕಪ್ಪು ಎಕ್ಸ್‌ಪ್ಯಾಂಡೆಡ್ ಬೋರ್ಡ್. ಇದು ಬಹುತೇಕ ಪೋರ್ಚುಗಲ್‌ನಿಂದ ಬರುತ್ತದೆ. ಅಲ್ಲಿ ಒಂದು ಮರದ ತೊಗಟೆ ಒಮ್ಮೆ ಸುಲಿದರೆ ಮತ್ತೆ ಸುಲಿಯಲು 9 ವರ್ಷ ಕಾಯುತ್ತಾರೆ. ರೇಟ್ ಯಾಕೆ ಇಷ್ಟು ಅಂತ ಕೇಳುವವರಿಗೆ ಒಂದು ಉತ್ತರ ಇದೇ.

ನನಗೆ ಮೊದಲ ಸಲ ಮಾಲು ಕೊಟ್ಟವರು ಕಪ್ಪು ಅಂತ ಬಿಲ್ ಮಾಡಿ ಕಂದು ಬೋರ್ಡ್ ಕಳಿಸಿದರು. ವಾಪಸ್ ತೆಗೆದುಕೊಳ್ಳಲು ವಾರಗಟ್ಟಲೆ ಸತಾಯಿಸಿದರು, ಲಾರಿ ಬಾಡಿಗೆ ನನ್ನ ತಲೆಗೇ ಬಂತು. ಈಗ ನಾನು ಬಂಡಲ್ ಬಿಚ್ಚಿ ಮೂಗಿಗೆ ಹಿಡಿಯುತ್ತೇನೆ. ಸರಿಯಾದ ಬೋರ್ಡ್ ಹೊಗೆ ವಾಸನೆ ಹೊಡೆಯುತ್ತದೆ. ಆಮೇಲೆ ತಕ್ಕಡಿ. 1 ಮೀಟರ್ ಉದ್ದ, ಅರ್ಧ ಮೀಟರ್ ಅಗಲ, 50 ಎಂಎಂ ದಪ್ಪದ ಬೋರ್ಡ್ ಮೂರು ಕೆಜಿ ಒಳಗೆ ಇರಬೇಕು. ಐದು ಕೆಜಿ ತೂಗಿದರೆ ಒಂದೋ ಜಾತಿ ಬೇರೆ, ಇಲ್ಲಾ ಗೋಡೌನಿನಲ್ಲಿ ಮಳೆಗೆ ನೆನೆದಿದೆ.

ಪೂರ್ತಿ ಗೋಡೆಗೆ ಹಾಕುವ ಮೊದಲು ಹೊರಗಡೆ ಒಂದು ಮೂಲೆಯಲ್ಲಿ ಟ್ರಯಲ್ ಮಾಡಿದೆ. ಒಂದು ಸಾಲು ಬೋರ್ಡ್‌ಗೆ ಟೈಲ್ಸ್‌ಗೆ ಹಾಕುವ ಹಾಗೆ ಐದು ಮುದ್ದೆ ಇಟ್ಟು ಒತ್ತಿಸಿದೆ. ಇನ್ನೊಂದು ಸಾಲಿಗೆ ಹಲ್ಲಿನ ಕರಣೆಯಿಂದ ಪೂರ್ತಿ ಗಾರೆ ಎಳೆದು ಹಚ್ಚಿದೆ. 2024ರ ಅಕ್ಟೋಬರ್ ಮಳೆಯಲ್ಲಿ ಗೊತ್ತಾಯಿತು. ಮುದ್ದೆ ಇಟ್ಟ ಬೋರ್ಡ್‌ಗಳ ಹಿಂದೆ ನೀರು ಇಳಿದು, ಬಿಸಿಲು ಬಂದಾಗ ಮೂಲೆಗಳು ಬಾಗಿದವು. ತಟ್ಟಿದರೆ ಡೋಲು. ಪೂರ್ತಿ ಗಾರೆ ಹಚ್ಚಿದ ಸಾಲು ಅಲ್ಲಾಡಲಿಲ್ಲ. ಕೀಳೋಣ ಅಂತ ಸನಿಕೆ ಹಾಕಿದರೆ ಬೋರ್ಡ್ ಹರಿಯಿತೇ ಹೊರತು ಗೋಡೆ ಬಿಡಲಿಲ್ಲ. ಆವತ್ತೇ ಧೈರ್ಯ ಬಂತು.

ಕೆಲಸ ಶುರು ಮಾಡಿದ್ದು 2025ರ ಜನವರಿ ಕೊನೆಗೆ. ಮಳೆ ಇಲ್ಲ, ಬಿಸಿಲೂ ಜಾಸ್ತಿ ಇಲ್ಲ. ಪಕ್ಕದ ಸೈಟಿನವರನ್ನು ಕೇಳಿ ಅವರ ಜಾಗದಲ್ಲಿ ಸಾರುವೆ ಕಟ್ಟಿದೆವು. ಪಾಪ, ಒಳ್ಳೆಯವರು, ಬೇಡ ಅನ್ನಲಿಲ್ಲ. ಗೋಡೆ ಎರಡೂವರೆ ಇಂಚು ದಪ್ಪ ಆಗುತ್ತದೆ. ಅದು ನಮ್ಮದೇ ಸೆಟ್‌ಬ್ಯಾಕ್ (ಸೈಟಿನ ಗಡಿಗೂ ಮನೆಗೂ ನಡುವೆ ಬಿಟ್ಟ ಜಾಗ) ಒಳಗಿದೆ. ನೀವು ಮಾಡಿಸುವ ಮುಂಚೆ ಇದನ್ನು ಟೇಪ್ ಹಿಡಿದು ನೋಡಿಕೊಳ್ಳಿ, ಆಮೇಲೆ ಪಕ್ಕದವರ ಜೊತೆ ಜಗಳ ಬೇಡ.

ಹೆಚ್ಚು ದಿನ ಹಿಡಿದದ್ದು ಬೋರ್ಡ್ ಹಚ್ಚಲು ಅಲ್ಲ, ಗೋಡೆ ತಯಾರು ಮಾಡಲು. ಹಳೆ ಪೇಂಟ್, ಪುಟ್ಟಿ ಎಲ್ಲ ಗ್ರೈಂಡರ್ ಹಿಡಿದು ಪ್ಲಾಸ್ಟರ್ ಕಾಣುವವರೆಗೂ ತೆಗೆಸಿದೆ. ಮೇಸ್ತ್ರಿಗೆ ಸಿಟ್ಟು. "ಅಣ್ಣ, ಕೊತ್ತು ಹೊಡೆದರೆ ಸಾಕು, ಇಷ್ಟು ಯಾರೂ ಕೆರೆಯಲ್ಲ" ಅಂದ. ನಾನು ಬಿಡಲಿಲ್ಲ. ಟೊಳ್ಳಿದ್ದ ಪ್ಲಾಸ್ಟರ್ ಒಡೆಸಿ ಹೊಸದಾಗಿ ಹಾಕಿಸಿದೆ. ಮಳೆನೀರಿನ ಪೈಪು, ಇಂಟರ್‌ನೆಟ್ ಕೇಬಲ್, ಗೀಸರ್ ಲೈನ್ ಎಲ್ಲ ಹೊರಗೆ ತರಬೇಕಾಯಿತು. ಪ್ಲಂಬರ್ ಖರ್ಚು ಯಾರ ಕೊಟೇಷನ್‌ನಲ್ಲೂ ಇರುವುದಿಲ್ಲ, ನೀವೇ ಸೇರಿಸಿಕೊಳ್ಳಿ.

ಕೆಳಗೆ ಅಲ್ಯೂಮಿನಿಯಂ ಆಂಗಲ್ ಹೊಡೆದು ಅದರ ಮೇಲೆ ಮೊದಲ ಸಾಲು. "ಮರದ ತೊಗಟೆ ಸಾರ್, ಗೆದ್ದಲು ಹತ್ತುತ್ತೆ" ಅಂತ ಹೆದರಿಸಿದವರು ಬಹಳ. ಕಾರ್ಕ್ ಅಷ್ಟು ಸುಲಭಕ್ಕೆ ಕೊಳೆಯುವುದಿಲ್ಲ. ಆದರೆ ಹುಳ ಅದರೊಳಗೆ ಗೂಡು ಮಾಡಲಾರದು ಅಂತ ನಾನು ಗ್ಯಾರಂಟಿ ಕೊಡಲ್ಲ. ಅದಕ್ಕೇ ಮಣ್ಣಿಗೆ ತಾಗಿಸಲೇಬಾರದು. ನಾನು ಹಾಕಿಸಿದ್ದು ಫಸ್ಟ್ ಫ್ಲೋರ್ ಗೋಡೆಗೆ ಮಾತ್ರ, ಆ ಚಿಂತೆ ಇರಲಿಲ್ಲ. ಕೆಳಗಿನ ಅಂಚನ್ನು ಆಂಗಲ್ ಮುಚ್ಚಿದೆ, ಹೆಗ್ಗಣ ಇಲಿಗೂ ದಾರಿ ಇಲ್ಲ.

ಸಾಲಿಂದ ಸಾಲಿಗೆ ಜಾಯಿಂಟ್ ತಪ್ಪಿಸಿ, ಇಟ್ಟಿಗೆ ಕಟ್ಟಿದ ಹಾಗೆಯೇ. ಕಿಟಕಿ ಮೂಲೆಗೆ ಬೋರ್ಡ್‌ನ ಜಾಯಿಂಟ್ ಬರಕೂಡದು. ಒಂದೇ ಬೋರ್ಡನ್ನು ಎಲ್ ಆಕಾರಕ್ಕೆ ಕತ್ತರಿಸಿ ಮೂಲೆಗೆ ಕೂರಿಸಿ. ಇಲ್ಲದಿದ್ದರೆ ಅಲ್ಲಿಂದ ಓರೆಯಾಗಿ ಬಿರುಕು ಗ್ಯಾರಂಟಿ. ಕತ್ತರಿಸಲು ಸಣ್ಣ ಹಲ್ಲಿನ ಕೈಗರಗಸ ಸಾಕು. ಗ್ರೈಂಡರ್ ಹಾಕಿದರೆ ಕಪ್ಪು ಧೂಳು, ಹೊಗೆ, ಅಂಚು ಬೇರೆ ಉದುರುತ್ತದೆ. ಸಂದು ಬಿದ್ದ ಕಡೆ ಗಾರೆ ತುಂಬಬೇಡಿ, ಶಾಖ ಅಲ್ಲಿಂದಲೇ ನುಗ್ಗುತ್ತದೆ. ಕಾರ್ಕ್‌ನ ಚೂರನ್ನೇ ಬೆಣೆ ಥರ ಸೀಳಿ ಒತ್ತಿ. ನಮ್ಮ ಹುಡುಗರಿಗೆ ಇದನ್ನು ಅಭ್ಯಾಸ ಮಾಡಿಸುವಷ್ಟರಲ್ಲಿ ಸಾಕುಸಾಕಾಯಿತು. ನಾನು ಆಚೆ ತಿರುಗಿದರೆ ಸಾಕು, ಗಾರೆ ಮೆತ್ತಿಬಿಡುತ್ತಿದ್ದರು. ಸಂಜೆ ಕೂತು ಕೆರೆದು ತೆಗೆಸುತ್ತಿದ್ದೆ.

ಪಶ್ಚಿಮದ ಗೋಡೆ ಅಲ್ವಾ, ಮಧ್ಯಾಹ್ನದ ಮೇಲೆ ಗಾರೆ ಹಚ್ಚಿದರೆ ಹಿಡಿಯುವ ಮೊದಲೇ ಒಣಗುತ್ತದೆ. ಬೆಳಗ್ಗೆ ಏಳರಿಂದ ಹನ್ನೆರಡರವರೆಗೆ ಮಾತ್ರ ಕೆಲಸ, ಆಮೇಲೆ ಸಾರುವೆಗೆ ನರ್ಸರಿಯವರ ಹಸಿರು ನೆಟ್ ಇಳಿಬಿಡುತ್ತಿದ್ದೆವು. ಗಾರೆ ಗಟ್ಟಿಯಾದ ಮೇಲೆ ಒಂದು ಬೋರ್ಡ್‌ಗೆ ಮೂರರಂತೆ ಪ್ಲಾಸ್ಟಿಕ್ ಪ್ಲಗ್. ಬೋರ್ಡ್, ಪ್ಲಾಸ್ಟರ್ ದಾಟಿ ಬ್ಲಾಕ್ ಒಳಗೆ ಒಂದೂವರೆ ಇಂಚಾದರೂ ಇಳಿಯಬೇಕು. ನಿಮ್ಮದು ಹಾಲೋ ಬ್ಲಾಕ್ ಆದರೆ ಈ ಪ್ಲಗ್ ಹಿಡಿಯುವುದಿಲ್ಲ, ಬೇರೆ ಥರದ್ದು ಕೇಳಿ. ಆಮೇಲೆ ಬೋರ್ಡ್ ಮೇಲೆ ಗಾರೆಯ ತೆಳು ಕೋಟ್, ಅದು ಹಸಿ ಇರುವಾಗಲೇ ಫೈಬರ್ ಮೆಶ್ (ಬಲೆ) ಒತ್ತಿ, ಮತ್ತೆ ಒಂದು ಕೋಟ್. ಮೆಶ್ 4 ಇಂಚು ಒಂದರ ಮೇಲೊಂದು ಬರಬೇಕು. ಕಿಟಕಿ ಮೂಲೆಗೆ ಓರೆಯಾಗಿ ಇನ್ನೊಂದು ತುಂಡು. ಕಾರ್ಕ್‌ಗೆ ನೇರ ತಾಗುವ ಮೊದಲ ಕೋಟ್‌ಗೆ ನಾನು ಒಂದು ಪುಡಿ ಬೆರೆಸುತ್ತೇನೆ. ಅದು ಯಾವುದು, ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹೊಟ್ಟೆಪಾಡು. ಅದಿಲ್ಲದೆಯೂ ಕೆಲಸ ನಿಲ್ಲುತ್ತದೆ, ಸ್ವಲ್ಪ ಹೆಚ್ಚು ನಯ ಬರುತ್ತದೆ ಅಷ್ಟೇ. ಕಿಟಕಿ ಕೆಳಗಿನ ಗ್ರಾನೈಟ್ ಮಾತ್ರ ಹೊಸದಾಗಿ, ಗೋಡೆಯಿಂದ ಒಂದೂವರೆ ಇಂಚು ಆಚೆಗೆ ಬರುವ ಹಾಗೆ ಹಾಕಿಸಿ. ಅದರ ಅಡಿಯಲ್ಲಿ ನೀರು ತೊಟ್ಟಿಕ್ಕಲು ಗೀರು ಕೊರೆಸಿ. ಈ ಒಂದು ಗೀರು ಇಲ್ಲದಿದ್ದರೆ ನೀರು ಹಿಂದಕ್ಕೆ ಹರಿದು ಬೋರ್ಡ್ ಹಿಂಬದಿ ಸೇರುತ್ತದೆ.

ದುಡ್ಡಿನ ವಿಷಯ. ಗೋಡೆ ಸುಮಾರು 270 ಚದರಡಿ, ಕಿಟಕಿ ಬಿಟ್ಟು. ಬೋರ್ಡ್‌ಗೆ 70 ಸಾವಿರದ ಆಸುಪಾಸು, ಜಿಎಸ್‌ಟಿ ಸೇರಿ. ಗಾರೆಯ ಚೀಲ, ಮೆಶ್, ಪ್ಲಗ್ ಎಲ್ಲ ಹದಿನೆಂಟು ಸಾವಿರ ಇರಬೇಕು. ಕೂಲಿ 22, ಸಾರುವೆ 6. ಪ್ಲಂಬರ್, ಗ್ರಾನೈಟ್, ಪೇಂಟ್, ಸಾಗಾಣಿಕೆ ಎಲ್ಲ ಸೇರಿ 1.30 ಲಕ್ಷ ದಾಟಿತು. ಟ್ರಯಲ್‌ಗೆ ಕಳೆದದ್ದು ಬೇರೆ. "ಆ ದುಡ್ಡಿಗೆ ಎರಡು ಎಸಿ ಬರುತ್ತಲ್ಲೋ" ಅಂತ ಭಾವ ಕೇಳಿದರು. ಬರುತ್ತೆ, ನಿಜ. ಆಮೇಲೆ ತಿಂಗಳು ತಿಂಗಳು ಕರೆಂಟ್ ಬಿಲ್ ಕಟ್ಟಬೇಕು, ಕರೆಂಟ್ ಹೋದ ರಾತ್ರಿ ಬೇಯಬೇಕು. ಮೇ ತಿಂಗಳ ಒಂದು ಭಾನುವಾರ ಅದೇ ಭಾವ ಊಟ ಮಾಡಿ ಆ ಕೋಣೆಯಲ್ಲಿ ಸಂಜೆವರೆಗೆ ನಿದ್ದೆ ಹೊಡೆದು ಎದ್ದರು. ಎಸಿ ವಿಷಯ ಆಮೇಲೆ ಎತ್ತಿಲ್ಲ.

ಅಳತೆ ಹೇಳುತ್ತೇನೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ಒಂದು ಇಟ್ಟುಕೊಂಡಿದ್ದೇನೆ. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದದ್ದು ಇದಕ್ಕೆ ಆಗುವುದಿಲ್ಲ, ಕಾರ್ಖಾನೆಯವರು ಬಳಸುವುದು ಬೇಕು. ಮೊದಲು ಏಪ್ರಿಲ್‌ನಲ್ಲಿ ರಾತ್ರಿ ಒಂಬತ್ತಕ್ಕೆ ಒಳಗೋಡೆ 36-37 ತೋರಿಸುತ್ತಿತ್ತು. ಈಗ 30, ಹೆಚ್ಚೆಂದರೆ 31. ಕೋಣೆಯ ಗಾಳಿಯಲ್ಲಿ ಮೂರು ಡಿಗ್ರಿಯಷ್ಟು ಫರಕ್. ಕೇಳಲು ಕಡಿಮೆ ಅನ್ನಿಸುತ್ತದೆ, ಮಲಗಿ ನೋಡಿದರೆ ಗೊತ್ತಾಗುತ್ತದೆ. ಹೊರಗೋಡೆಗೆ ತಿಳಿ ಬಣ್ಣವನ್ನೇ ಹಾಕಿ. ಮಗಳು ಕಡು ನೀಲಿ ಕೇಳಿದಳು, ಒಂದು ತುಂಡಿಗೆ ಬಳಿದು ಬಿಸಿಲಿಗಿಟ್ಟೆ. ತಿಳಿ ಕೆನೆ ಬಣ್ಣದ ತುಂಡಿಗಿಂತ ಹದಿನೈದು ಡಿಗ್ರಿ ಜಾಸ್ತಿ ಕಾಯ್ದಿತ್ತು. ಕೆನೆ ಬಣ್ಣವೇ ಉಳಿಯಿತು. 2025ರ ಮೇ ತಿಂಗಳ ಜೋರು ಮಳೆ ಗೋಡೆಗೆ ಹೊಡೆದಾಗ ನಾನು ಟಾರ್ಚ್ ಹಿಡಿದು ಒಳಗೋಡೆ ಪೂರ್ತಿ ನೋಡಿದೆ. ಒಂದು ಕಲೆ ಇಲ್ಲ.

ಉಳಿದ ತುಂಡುಗಳಲ್ಲಿ ಏನೇನೋ ಮಾಡಿದೆ. ಮೋಟಾರ್ ಪಂಪ್ ಅಡಿಗೆ ಒಂದು ಇಟ್ಟೆ, ಬೆಳಗ್ಗೆಯ ಗುಂಯ್ ಸದ್ದು ಅರ್ಧ ಇಳಿಯಿತು. ಕಪ್ಪು ಬೋರ್ಡ್ ಮೆತ್ತಗೆ, ಕೆಲವು ತಿಂಗಳಿಗೆ ಜಜ್ಜಿಹೋಯಿತು. ಅಲ್ಲಿಗೆ ಕಂದು ಬೋರ್ಡೇ ಸರಿ. ಸುಣ್ಣದ ಗಾರೆಗೆ ಕಾರ್ಕ್ ಪುಡಿ ಬೆರೆಸಿ ಮೀಟರ್ ಬಾಕ್ಸ್ ಪಕ್ಕ ಒಂದು ತುಂಡು ಗೋಡೆಗೆ ಹಚ್ಚಿದ್ದೇನೆ, ಇನ್ನೂ ನೋಡುತ್ತಿದ್ದೇನೆ. ಎಲ್ಲಕ್ಕಿಂತ ಮೆಚ್ಚುಗೆ ಸಿಕ್ಕಿದ್ದು ಅಡುಗೆಮನೆಯಲ್ಲಿ. ಡಿಸೆಂಬರ್ ಚಳಿಗೆ ದೋಸೆ ಹಿಟ್ಟು ಹುಳಿ ಬರಲ್ಲ ಅಂತ ಮನೆಯವಳಿಗೆ ಪ್ರತಿ ವರ್ಷದ ತಲೆನೋವು. ಕಾರ್ಕ್ ಚೂರಿಂದ ಡಬ್ಬಿ ಮಾಡಿ, ಒಳಗೆ ಒಂದು ಲೋಟ ಬಿಸಿನೀರಿನ ಜೊತೆ ಹಿಟ್ಟಿನ ಪಾತ್ರೆ ಇಟ್ಟೆ. ಬೆಳಗ್ಗೆ ಹಿಟ್ಟು ಮುಚ್ಚಳ ಎತ್ತಿತ್ತು. ಮೊಸರೂ ಅದರಲ್ಲೇ ಹೆಪ್ಪಾಗುತ್ತಿದೆ.

ಉತ್ತರದ ಗೋಡೆಗೂ ಹಾಕಿಸಲಾ ಅಂತ ಕೆಲವರು ಕೇಳುತ್ತಾರೆ. ಬೇಡ, ನಮ್ಮೂರಿಗೆ ಅದು ಸುಮ್ನೆ ಖರ್ಚು. ಪಶ್ಚಿಮಕ್ಕೆ ಪಕ್ಕದ ಮನೆ ಎದ್ದು ನೆರಳಾಗಿದ್ದರೂ ಬೇಡ. ಹಾಕಿಸಿದ ಮೇಲೆ ಪ್ರತಿ ವರ್ಷ ಮೇ ಮಳೆಗೆ ಮುಂಚೆ ಕಿಟಕಿ ಸುತ್ತಲಿನ ಸೀಲೆಂಟ್, ಪೈಪ್ ಕ್ಲಾಂಪ್ ಹೊಡೆದ ಜಾಗ ನೋಡಿಕೊಳ್ಳಿ. ಬಟ್ಟೆ ಒಣಹಾಕುವ ಹುಕ್ಕು, ಡಿಶ್ ಆಂಟೆನಾ ಏನೇ ಇದ್ದರೂ ಕಾರ್ಕ್‌ಗೆ ನೇತುಹಾಕಬೇಡಿ, ಉದ್ದ ಬೋಲ್ಟ್ ಹಾಕಿ ಬ್ಲಾಕ್‌ಗೇ ಹಿಡಿಸಿ, ತೂತನ್ನು ಅವತ್ತೇ ಮುಚ್ಚಿಸಿ.