ಮಲೆನಾಡಿನ ಹಳೇ ಮನೆಗೆ ಬಂದಿದ್ದೀರಾ? ವೈರಿಂಗ್ ಖರ್ಚಿನ ಲೆಕ್ಕ ಹೀಗೆ ಹಾಕಿ

ಶಿವಮೊಗ್ಗದ ದುರ್ಗಿಗುಡಿ, ಗಾಂಧಿ ಬಜಾರ್ ಕಡೆಯ ಹಳೇ ಮನೆಗೋ, ತೀರ್ಥಹಳ್ಳಿ, ಹೊಸನಗರ, ಸಾಗರದ ಹಂಚಿನ ಮನೆಗೋ ಬಂದವರು ನಮ್ಮ ಸಂಘದಲ್ಲಿ ಕೇಳುವ ಪ್ರಶ್ನೆ ಒಂದಿದೆ: ವೈರಿಂಗ್ ಸರಿಮಾಡಿಸಲು ಎಷ್ಟಾಗುತ್ತದೆ? ಎಲ್ಲ ಮನೆಗೂ ಒಂದೇ ಮೊತ್ತ ಹೇಳಲು ಬರುವುದಿಲ್ಲ. ಆದರೆ ದುಡ್ಡು ಎಲ್ಲಿ ಹೋಗುತ್ತದೆ, ಯಾವುದಕ್ಕೆ ಮೊದಲು ಕೊಡಬೇಕು ಎಂದು ಹೇಳಬಹುದು.

ತೊಂದರೆ ಮನೆಯೊಳಗಿನದೋ ಹೊರಗಿನದೋ ನೋಡಿಕೊಳ್ಳಿ. ದೀಪ ಮಂಕಾದರೆ ಪಕ್ಕದ ಮನೆಯವರನ್ನು ಕೇಳಿ. ಅಲ್ಲೂ ಹಾಗೇ ಇದ್ದರೆ ಅದು ಲೈನಿನ ತೊಂದರೆ. ಇಲ್ಲಿಗೆ ಕರೆಂಟ್ ಕೊಡುವ ಕಂಪನಿ ಮೆಸ್ಕಾಂನ 1912ಕ್ಕೆ ಫೋನ್ ಮಾಡಿ, ಸುಮ್ನೆ ಎಲೆಕ್ಟ್ರಿಷಿಯನ್‌ಗೆ ದುಡ್ಡು ಕೊಡಬೇಡಿ. ಮೀಟರ್ ದಾಟಿದ ಮೇಲಿನದೆಲ್ಲ ಮನೆಯವರ ಹೊಣೆ. ಬಿಲ್ ಜಾಸ್ತಿ ಬರುತ್ತಿದೆ ಅನಿಸಿದರೆ ಎಲ್ಲ ಸ್ವಿಚ್ ಆರಿಸಿ, ಫ್ರಿಜ್, ಇನ್ವರ್ಟರ್ ಸೇರಿ ಎಲ್ಲ ಪ್ಲಗ್ ಕಿತ್ತು, ಮೀಟರಿನ ಕೆಂಪು ದೀಪ ಗಮನಿಸಿ. ಆಗಲೂ ಮತ್ತೆ ಮತ್ತೆ ಮಿಟುಕುತ್ತಿದ್ದರೆ ಎಲ್ಲೋ ಕರೆಂಟ್ ಸೋರುತ್ತಿರಬಹುದು.

ಇಲ್ಲಿನ ಹಳೇ ಮನೆಗಳ ಕಷ್ಟವೇ ಬೇರೆ. ಮರದ ಪಟ್ಟಿಯ ಮೇಲೆ ಓಡಿದ ವೈರು, ಪಿಂಗಾಣಿ ಫ್ಯೂಸು, ಎರಡೇ ತೂತಿನ ಪ್ಲಗ್ಗು. ಅಟ್ಟದಲ್ಲಿ ಇಲಿ ಕಡಿಯುತ್ತದೆ. ಜೂನ್‌ನಲ್ಲಿ ಮಳೆ ಹಿಡಿದರೆ ಹಂಚಿನ ಸಂದಿಯಿಂದ ಇಳಿದ ನೀರು ಟೇಪ್ ಸುತ್ತಿದ ಜಾಯಿಂಟಿಗೆ ತಾಗುತ್ತದೆ. ಬಚ್ಚಲಲ್ಲಿ ಹಂಡೆ ಒಲೆ ಇದ್ದ ಕಾಲದಲ್ಲಿ ಅಲ್ಲಿಗೆ ಒಂದು ಬಲ್ಬಿನ ವೈರು ಸಾಕಿತ್ತು. ಈಗ ಅದೇ ವೈರಿಗೆ ಗೀಸರ್ ಸಿಕ್ಕಿಸುತ್ತಾರೆ. 2000 ವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ದೀಪದ ಸಣ್ಣ ವೈರು ಅದಕ್ಕೆ ಹಾಕಿದ್ದಲ್ಲ. ಬಿಸಿಯಾಗಿ, ಮೇಲಿನ ಪದರ ಸುಟ್ಟು, ಮರದ ಅಟ್ಟಕ್ಕೆ ಬೆಂಕಿ ತಗುಲಲು ಅಷ್ಟು ಸಾಕು.

ಆದ್ದರಿಂದ ಹೊಳೆಯುವ ಸ್ವಿಚ್ ಬೋರ್ಡಿಗೆ ಖರ್ಚು ಮಾಡುವುದು ಕೊನೆಗೆ ಇರಲಿ. ಮೊದಲ ದುಡ್ಡು ಅರ್ಥಿಂಗ್‌ಗೆ (ಸೋರಿದ ಕರೆಂಟನ್ನು ನೆಲಕ್ಕಿಳಿಸುವ ವ್ಯವಸ್ಥೆ) ಮತ್ತು 30 ಮಿಲಿ ಆಂಪಿಯರ್ ಆರ್‌ಸಿಸಿಬಿಗೆ (ಅಷ್ಟು ಕರೆಂಟ್ ಸೋರಿದರೂ ತಾನೇ ಲೈನ್ ಕಡಿಯುವ ಸ್ವಿಚ್). ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಕಾಯುವುದು ವೈರನ್ನು, ಮನುಷ್ಯರನ್ನಲ್ಲ. ಒದ್ದೆ ಕೈಯಲ್ಲಿ ಶಾಕ್ ಹೊಡೆದಾಗ ಕರೆಂಟ್ ಕಡಿಯುವುದು ಆರ್‌ಸಿಸಿಬಿ. ಸಿಂಗಲ್ ಫೇಸ್ ಮನೆಗೆ ಬೇಕಾದ ಒಂದಕ್ಕೆ ಸಾಮಾನ್ಯವಾಗಿ ಎರಡು ಮೂರು ಸಾವಿರ ರೂಪಾಯಿ ಆಗುತ್ತದೆ. ಮಕ್ಕಳು, ವಯಸ್ಸಾದವರು ಇರುವ ಮನೆಗೆ ಇದು ಬೇಕೇ ಬೇಕು.

ಹಳೇ ಮನೆಯಲ್ಲಿ ಆರ್‌ಸಿಸಿಬಿ ಹಾಕಿದ ಮೇಲೆ ಮಳೆ ಬಂದಾಗೆಲ್ಲ ಅದು ಟ್ರಿಪ್ ಆಗಬಹುದು, ಅಂದರೆ ತಾನೇ ಬೀಳಬಹುದು. ಆಗ 'ಇದೇ ಕೆಟ್ಟಿದೆ, ಬೈಪಾಸ್ ಮಾಡ್ತೀನಿ' ಅನ್ನುವವರು ಸಿಗುತ್ತಾರೆ. ದಯವಿಟ್ಟು ಒಪ್ಪಬೇಡಿ. ವೈರು ಸೋರುತ್ತಿದೆ ಎಂದು ಅದು ಹೇಳುತ್ತಿದೆ. ಮೆಗ್ಗರ್ (ವೈರಿನ ಮೇಲಿನ ಪದರ ಸರಿಯಿದೆಯೇ ಎಂದು ಅಳೆಯುವ ಉಪಕರಣ) ಇರುವ ಎಲೆಕ್ಟ್ರಿಷಿಯನ್ ಕರೆದು, ಒಂದೊಂದೇ ಸರ್ಕ್ಯೂಟ್ ಬಿಡಿಸಿ ಪರೀಕ್ಷಿಸಲು ಹೇಳಿ. ಪರೀಕ್ಷೆಯ ಕೂಲಿ ವ್ಯರ್ಥವಲ್ಲ. ಹಾಳಾದ ಎರಡು ಲೈನ್ ಬದಲಿಸಿದರೆ ಸಾಕು ಎಂದು ಗೊತ್ತಾದರೆ ಇಡೀ ಮನೆಯ ಖರ್ಚು ಉಳಿಯುತ್ತದೆ.

ಕೂಲಿಯನ್ನು ಹೆಚ್ಚಾಗಿ ಪಾಯಿಂಟ್ ಲೆಕ್ಕದಲ್ಲಿ, ಅಂದರೆ ಒಂದೊಂದು ದೀಪಕ್ಕೆ, ಪ್ಲಗ್ಗಿಗೆ ಇಷ್ಟು ಎಂದು ಹೇಳುತ್ತಾರೆ. ದೀಪದ ಪಾಯಿಂಟಿಗೂ ಗೀಸರಿನ ಪವರ್ ಪಾಯಿಂಟಿಗೂ ದರ ಬೇರೆ. ಸಾಮಾನು ಸೇರಿಯೋ ಬರೀ ಕೂಲಿಯೋ, ಗೋಡೆ ಕೊರೆದು ಮುಚ್ಚುವ ಗಾರೆ ಕೆಲಸ ಯಾರದು, ಹಳೇ ವೈರು ಕೀಳುವುದು ಸೇರಿದೆಯೋ, ಇಷ್ಟನ್ನೂ ಬರೆಸಿಕೊಳ್ಳಿ. ಜಗಳ ಆಗುವುದು ಇಲ್ಲೇ. ದೀಪಕ್ಕೆ 1.5, ಪ್ಲಗ್ಗಿಗೆ 2.5, ಗೀಸರಿಗೆ 4 ಚದರ ಮಿಲಿಮೀಟರ್ ತಾಮ್ರದ ವೈರು, ಐಎಸ್ಐ ಗುರುತಿನದು ಎಂದು ಕೊಟೇಶನ್‌ನಲ್ಲೇ ಇರಲಿ. ಲೆಕ್ಕ ನೀವೂ ಹಾಕಬಹುದು: ಬೋರ್ಡಿನಿಂದ ಬಚ್ಚಲಿಗೆ 15 ಮೀಟರ್ ಇದ್ದರೆ ಫೇಸ್, ನ್ಯೂಟ್ರಲ್, ಅರ್ಥ್ ಮೂರೂ ವೈರು ಸೇರಿ 45 ಮೀಟರ್, ಅಂದರೆ 90 ಮೀಟರಿನ ಒಂದು ಕಾಯಿಲ್‌ನ (ವೈರಿನ ಸುರುಳಿಯ) ಅರ್ಧ. ತಾಮ್ರದ ಬೆಲೆ ಏರಿಳಿಯುವುದರಿಂದ ವೈರಿನ ದರವನ್ನು ಎರಡು ಮೂರು ಅಂಗಡಿಯಲ್ಲಿ ಕೇಳಿ, ಬಿಲ್ ತೆಗೆದುಕೊಳ್ಳಿ.

ಗೋಡೆ ಕೊರೆಯುವುದರಲ್ಲಿ ಖರ್ಚು ಬೆಳೆಯುತ್ತದೆ. ಮಣ್ಣಿನ ಗೋಡೆಯಾದರೆ ಉಳಿ ಹಾಕಿದಲ್ಲೆಲ್ಲ ಉದುರುತ್ತದೆ, ಆಮೇಲೆ ಗಾರೆ, ಸುಣ್ಣ, ಬಣ್ಣ. ಅಂಥ ಮನೆಗೆ ಗೋಡೆಯ ಮೇಲೆಯೇ ಪಿವಿಸಿ ಪೈಪ್ ಓಡಿಸುವುದು ಒಳ್ಳೆಯದು. ಅಂದ ಸ್ವಲ್ಪ ಕಡಿಮೆ, ಆದರೆ ಖರ್ಚು ಇಳಿಯುತ್ತದೆ, ಮುಂದೆ ತೊಂದರೆ ಬಂದರೆ ಹುಡುಕುವುದೂ ಸುಲಭ.

ಒಟ್ಟಿಗೆ ಎಲ್ಲ ಮಾಡಿಸಲು ಆಗದಿದ್ದರೆ ಅರ್ಥಿಂಗ್, ಆರ್‌ಸಿಸಿಬಿ ಆದ ಮೇಲೆ ಬಚ್ಚಲು ಮತ್ತು ಅಡುಗೆಮನೆಯ ಲೈನ್, ಆಮೇಲೆ ಅಟ್ಟದ್ದು. ಕೋಣೆಗಳ ದೀಪ ಮುಂದಿನ ವರ್ಷಕ್ಕೆ ಬಿಡಬಹುದು. ಗೀಸರ್, ಪಂಪು ಹೆಚ್ಚಿಸುವವರು ಮೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ (ನಿಮ್ಮ ಮನೆಗೆ ಒಪ್ಪಿದ ಕರೆಂಟ್ ಬಳಕೆಯ ಮಿತಿ) ಎಷ್ಟಿದೆ ನೋಡಿ. ಅದನ್ನು ಏರಿಸಿದರೆ ತಿಂಗಳ ನಿಗದಿತ ಶುಲ್ಕವೂ ಏರುತ್ತದೆ.

ಬಾಡಿಗೆಗೆ ಬರುವವರು ಅಡ್ವಾನ್ಸ್ ಕೊಡುವ ಮೊದಲೇ ಮಾಲೀಕರ ಜೊತೆ ಮಾತಾಡಿ. 'ಅಣ್ಣಾ, ಅರ್ಥಿಂಗ್ ಇದೆಯಾ, ವೈರಿಂಗ್ ಕೆಟ್ಟರೆ ಖರ್ಚು ಯಾರದು?' ಎಂದು ನೇರವಾಗಿ ಕೇಳಿ, ಉತ್ತರವನ್ನು ಕರಾರಿನಲ್ಲಿ ಬರೆಸಿ. ನೀವೇ ಮಾಡಿಸಿ ಬಾಡಿಗೆಯಲ್ಲಿ ಹಿಡಿದುಕೊಳ್ಳುವುದಾದರೆ ತಿಂಗಳಿಗೆ ಎಷ್ಟು ಎಂಬುದೂ ಇರಲಿ. ಕೆಲಸ ಏಪ್ರಿಲ್ ಒಳಗೆ ಮುಗಿಸಿ. ಮಳೆ ಶುರುವಾದರೆ ಗಾರೆ ಒಣಗುವುದಿಲ್ಲ. ಲೈಸೆನ್ಸ್ ಇರುವ ಕಂಟ್ರಾಕ್ಟರರಿಂದಲೇ ಮಾಡಿಸಿ. ಕೊಟೇಶನ್ ಅರ್ಥವಾಗದಿದ್ದರೆ ಸಂಘಕ್ಕೆ ತನ್ನಿ, ಜೊತೆಯಲ್ಲಿ ಕೂತು ಓದೋಣ.