ಕಾಲಿಮೇಟರ್‌ಗೆ ಯಾವ ಲೋಹ? ಬಿದ್ರಿ ಯಾಕಾಗಲ್ಲ?

ಕಾಲಿಮೇಟರ್ ಅಂದರೆ ವೇಗವರ್ಧಕದ ಕಣಕಿರಣದಿಂದ ದಾರಿ ತಪ್ಪಿದ ಕಣಗಳನ್ನು ತಡೆಯುವ ಸಾಧನ; ಕಿರಣದ ಪಕ್ಕ ನಿಲ್ಲುವ ಅದರ ಗಟ್ಟಿಗೆ ದವಡೆ ಅಂತಾರೆ. ಕಲಬುರಗಿಯ ಎಂ.ಎಸ್ಸಿ. ಹುಡುಗರು ಪ್ರಾಜೆಕ್ಟ್‌ಗೆ ಕೂತರೆ ಮೊದಲು ಸಾಂದ್ರತೆಯ ಪಟ್ಟಿ ತೆಗೆಯುತ್ತಾರೆ. ಅದು ಆಮೇಲಿನ ಮಾತು. ಈ ದವಡೆ ಕಿರಣಕ್ಕೆ ಎಷ್ಟು ಹತ್ತಿರ ನಿಲ್ಲುತ್ತದೆ ಅನ್ನೋದನ್ನ ಮೊದಲು ನೋಡಿ.

ಎಲ್ಲಕ್ಕಿಂತ ಹತ್ತಿರದ್ದಾದರೆ ಹಗುರ ವಸ್ತುವೇ ಸರಿ. ಯುರೋಪಿನ ಸರ್ನ್ ಪ್ರಯೋಗಾಲಯದ ದೊಡ್ಡ ವೇಗವರ್ಧಕ ಎಲ್‌ಎಚ್‌ಸಿಯಲ್ಲಿ ಆ ಜಾಗಕ್ಕೆ ಮೊದಲು ಕಾರ್ಬನ್ ನಾರಿನ ಕಾಂಪೋಸಿಟ್ ಹಾಕಿದ್ದರು. ಟಂಗ್‌ಸ್ಟನ್ ಕರಗುವುದು 3422 ಡಿಗ್ರಿಗೆ, ನಿಜ. ಆದರೆ ಸಾಂದ್ರತೆ ನೀರಿನ 19.3 ಪಟ್ಟು. ದಾರಿ ತಪ್ಪಿದ ಕಿರಣದ ಶಕ್ತಿ ಸಣ್ಣ ಜಾಗದಲ್ಲೇ ಇಳಿದು ಗುಂಡಿ ಬೀಳುತ್ತದೆ. ಟಂಗ್‌ಸ್ಟನ್ನನ್ನು ಹಿಂದೆ, ಚದುರಿದ ಕಣ ಹೀರಲು ಇಡಿ.

ಕಾರ್ಬನ್‌ನಲ್ಲಿ ವಿದ್ಯುತ್ ಅಷ್ಟು ಸಲೀಸಾಗಿ ಹರಿಯದು, ಹಾಗಾಗಿ ಕಿರಣ ಸ್ಥಿರತೆ ಕಳೆದುಕೊಳ್ಳಬಹುದು. ಕೆಲವು ಹೊಸ ದವಡೆಗಳಲ್ಲಿ ಮಾಲಿಬ್ಡಿನಂ-ಗ್ರಾಫೈಟ್ ಮೇಲೆ 5 ಮೈಕ್ರಾನ್ ಮಾಲಿಬ್ಡಿನಂ ಲೇಪ ಇರುವುದು ಅದಕ್ಕೇ.

ಬಿದ್ರಿ ಲೋಹ ಆಗುತ್ತಾ ಅಂತ ಬೀದರ್ ಕಡೆಯವರು ಕೇಳೇ ಕೇಳುತ್ತಾರೆ. ಆಗಲ್ಲ. ಅದರಲ್ಲಿ ಬಹುಪಾಲು ಸತು, ಚೂರು ತಾಮ್ರ. ಕಿರಣ ಓಡುವ ನಿರ್ವಾತದಲ್ಲಿ, ಅಂಟಿದ ಅನಿಲ ಓಡಿಸಲು 250 ಡಿಗ್ರಿಗೆ ಕಾಯಿಸಿದರೆ ಸತು ಕರಗುವ ಮೊದಲೇ ಆವಿಯಾಗಿ ತಣ್ಣನೆ ಗೋಡೆಗೆ ಮೆತ್ತಿಕೊಳ್ಳುತ್ತದೆ. ಹಿತ್ತಾಳೆಯಲ್ಲೂ ಸತು ಇದೆ, ಆ ಬೋಲ್ಟೂ ಬೇಡ.

ಗ್ರಾಫೈಟ್ ಕೊರೆಯುವಾಗ ಎಣ್ಣೆ ಹಾಕಬೇಡಿ ಅಂತ ಲೇತ್‌ನವರಿಗೆ ಮುಂಚೆಯೇ ಹೇಳಿ. ರಂಧ್ರಕ್ಕಿಳಿದ ಎಣ್ಣೆ ನಿರ್ವಾತದಲ್ಲಿ ಬಹಳ ದಿನ ಅನಿಲ ಬಿಡುತ್ತಲೇ ಇರುತ್ತದೆ.